ಸವೆದ 5 ಮತ್ತು 0: ಕ್ಯಾಲ್ಕ್ಯುಲೇಟರ್ ಕೀಗೆ ಮನೆಯಲ್ಲೇ ಪ್ಯಾಡ್ ಪ್ರಿಂಟಿಂಗ್

ಪ್ಯಾಡ್ ಪ್ರಿಂಟಿಂಗ್ ಅಂದ್ರೆ ಪ್ಲೇಟಿನ ತಗ್ಗಿನಲ್ಲಿ ತುಂಬಿದ ಇಂಕನ್ನು ಮೆತ್ತನೆ ಸಿಲಿಕೋನ್ ಪ್ಯಾಡಿನಿಂದ ಎತ್ತಿ ವಸ್ತುವಿನ ಮೇಲೆ ಒತ್ತೋದು. ಮನೆಯಲ್ಲಿ ಇದು ಆಗೋದಿಲ್ಲ ಅಂದವರೆಲ್ಲ ಬಂದು ಈ ಕೀಗಳನ್ನು ನೋಡಬಹುದು. ಒಂದು ಕಾಫಿ ಸೀಸನ್ ಪೂರ್ತಿ ಗೋಣಿಕೊಪ್ಪದ ಅಂಗಡಿ ಗಲ್ಲಾದಲ್ಲಿ ಒತ್ತಿಸಿಕೊಂಡಿವೆ. ಅಂಕಿ ಒಂದಿಷ್ಟೂ ಅಲುಗಿಲ್ಲ.

ಮೆಷಿನ್ ನಮ್ಮ ಮಾವನದು. ಎಪ್ಪತ್ತರ ದಶಕದ ಕೊನೆಯದು, ಹಸಿರು ಅಂಕಿ ಹೊಳೆಯುವ ಮೇಜಿನ ಕ್ಯಾಲ್ಕ್ಯುಲೇಟರ್. ಕಾಫಿ ಮೂಟೆ ಅಂದ್ರೆ 50 ಕೆಜಿ ಅಲ್ವಾ, ಹಾಗಾಗಿ 5, 0 ಮತ್ತು ಗುಣಿಸುವ ಕೀ ಬೋಳಾಗಿದ್ದವು. ವರ್ಗಮೂಲದ ಕೀ ಮಾತ್ರ ಹೊಚ್ಚ ಹೊಸದು. ಔಟ್‌ಟರ್ನ್ (ಮೂಟೆ ಕಾಫಿಯಿಂದ ಎಷ್ಟು ಬೇಳೆ ಸಿಗುತ್ತೆ ಅನ್ನೋ) ಲೆಕ್ಕಕ್ಕೆ ಅದು ಯಾರಿಗೆ ಬೇಕು? 1972ರ ಎಚ್‌ಪಿ-35 ಕ್ಯಾಲ್ಕ್ಯುಲೇಟರಿನಂತೆ ಎರಡು ಬಣ್ಣದ ಪ್ಲಾಸ್ಟಿಕ್ ಸೇರಿಸಿ ಎರಕ ಹೊಯ್ದ ಕೀ ಆಗಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಇದರಲ್ಲಿ ಬರೀ ಮೇಲಿನ ಪ್ರಿಂಟ್.

ಮೊದಲು ಡೆಕಾಲ್, ಅಂದ್ರೆ ಅಂಕಿ ಪ್ರಿಂಟ್ ಮಾಡಿ ಕೀಗೆ ಅಂಟಿಸುವ ತೆಳು ಹಾಳೆ. ಕಪ್ಪು ಕೀ ಮೇಲೆ ಬಿಳಿ ಅಂಕಿ ಬೇಕು, ಮನೆಯ ಲೇಸರ್ ಪ್ರಿಂಟರಿಗೆ ಬಿಳಿ ಬರೋದಿಲ್ಲ. ಬಿಳಿ ಹಾಳೆ ತರಿಸಿ ಸುತ್ತ ಕಪ್ಪು ಹೊಡೆದೆ. ಕೀಯ ಕಪ್ಪೇ ಬೇರೆ, ಪ್ರಿಂಟರಿನ ಟೋನರ್ ಪುಡಿಯ ಕಪ್ಪೇ ಬೇರೆ. ಸಾಲದ್ದಕ್ಕೆ ಜುಲೈ ಮಳೆ, ಅಂಚು ಸುರುಳಿ ಸುತ್ತಿತು. ಸುಮಾರು 600 ರೂಪಾಯಿ ಹೋಯ್ತು. ವಿನೈಲ್ ಸ್ಟೆನ್ಸಿಲ್‌ನಲ್ಲಿ ಸೊನ್ನೆಯ ನಡುವಿನ ಚೂರು ನಿಲ್ಲಲೇ ಇಲ್ಲ. ಟೋನರನ್ನು ಅಸಿಟೋನ್‌ನಿಂದ ಕಾಗದದಿಂದ ಕೀಗೆ ಇಳಿಸುವ ಉಪಾಯವನ್ನು ಒಂದು ಸತ್ತ ಕ್ಯಾಲ್ಕ್ಯುಲೇಟರ್ ಮೇಲೆ ಮಾಡಿ ನೋಡಿದೆ. ಎಬಿಎಸ್ ಪ್ಲಾಸ್ಟಿಕ್ಕಿನ ಕೀ ನೆಂದ ಬೆಲ್ಲದ ಹಾಗಾಯ್ತು.

ಮೈಸೂರಿನಲ್ಲಿ ಪ್ಯಾಡ್ ಪ್ರಿಂಟ್ ಮಾಡುವವರು 500 ಪೀಸಿಗಿಂತ ಕಡಿಮೆ ಮಾಡೋದಿಲ್ಲ, ಪ್ಲೇಟಿಗೇ ಎರಡು ಸಾವಿರ ಅಂದರು. ನನಗೆ ಬೇಕಿದ್ದದ್ದು ಮೂರು ಕೀ.

ಪ್ಲೇಟ್ ಅಂದ್ರೆ ಏನು ಮಹಾ? ಇಪ್ಪತ್ತೈದು ಮೂವತ್ತು ಮೈಕ್ರಾನ್ ಆಳದ ತಗ್ಗು. ನಾವು ಎಚ್ಚಿಂಗ್ ಮಾಡುವ, ಅಂದ್ರೆ ರಾಸಾಯನಿಕದಲ್ಲಿ ತಾಮ್ರ ತಿನ್ನಿಸುವ, ಮಾಮೂಲಿ ಪಿಸಿಬಿಯ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿನ) ತಾಮ್ರ 35 ಮೈಕ್ರಾನ್. ತಾಮ್ರ ಪೂರ್ತಿ ತಿನ್ನಿಸಿದರೆ ಆಳ ತಾನಾಗಿ ಬಂತು! 5ರ ಹೊಟ್ಟೆಯನ್ನು ಸವೆಯದ 3ರಿಂದ ಕದ್ದೆ, ಸೊನ್ನೆಯ ಅಳತೆಯನ್ನು 8ರಿಂದ. ನೆಗೆಟಿವ್ ಮಾಡಿ, ಉಲ್ಟಾ ಪ್ರಿಂಟ್ ತೆಗೆದು, ಟೋನರ್ ತಾಮ್ರಕ್ಕೆ ಅಂಟುವ ಹಾಗೆ ಬೋರ್ಡಿನ ಮೇಲಿಟ್ಟು ಇಸ್ತ್ರಿ ಹಾಕಿದೆ. ಪ್ಲೇಟಿನಲ್ಲಿ ಅಂಕಿ ನೇರವಾಗಿಯೇ ಕಾಣಬೇಕು. ನಮ್ಮ ಚಳಿಗೆ ತಾಮ್ರ ತಿನ್ನುವ ಫೆರಿಕ್ ಕ್ಲೋರೈಡ್ ಮಲಗಿಬಿಡುತ್ತೆ, ಟ್ರೇಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಡಿ.

ಪ್ಯಾಡ್‌ಗೆ ಮೋಲ್ಡಿಂಗ್ ಸಿಲಿಕೋನ್, ಮೆತ್ತಗಾಗಲು ಸಿಲಿಕೋನ್ ಎಣ್ಣೆ. ಅಚ್ಚು ಆಳದ ಸ್ಟೀಲ್ ಸೌಟು. ಆ ಸೌಟು ಮತ್ತೆ ಅಡುಗೆಮನೆ ಕಂಡಿಲ್ಲ. ಪ್ಯಾಡ್ ಗುಮ್ಮಟದ ಹಾಗಿದ್ದರೆ ಗಾಳಿ ಪಕ್ಕಕ್ಕೆ ಸರಿಯುತ್ತೆ. ಎಣ್ಣೆ ಎಷ್ಟು ಅಂತ ಮಾತ್ರ ಕೇಳಬೇಡಿ. ಪ್ಯಾಡನ್ನು ಡ್ರಿಲ್ ಸ್ಟ್ಯಾಂಡಿಗೆ ಕಟ್ಟಿದೆ, ನೇರವಾಗಿ ಇಳಿದು ನೇರವಾಗಿ ಏಳುತ್ತೆ.

ಇಂಕ್ ಸ್ಟಿಕ್ಕರ್‌ನವರ ಪಿವಿಸಿ ಇಂಕ್. ಬ್ಲೇಡಿನಿಂದ ಎಳೆದರೆ ತಗ್ಗಿನಲ್ಲಿ ಮಾತ್ರ ಉಳಿಯುತ್ತೆ. ಪ್ಯಾಡ್ ಒತ್ತಿ ಎತ್ತಿ. ಈಗ ಅವಸರ ಬೇಡ. ಪ್ಯಾಡ್ ತುದಿಯಲ್ಲಿ ಹಸಿ ಅಂಕಿ ಮಿರಮಿರ ಅಂತಿರುತ್ತೆ. ಆ ಹೊಳಪು ಮಂಕಾದ ಕ್ಷಣ ಕೀ ಮೇಲೆ ಇಳಿಸಿದರೆ, ಪ್ಯಾಡಿನಲ್ಲಿ ಚೂರೂ ಉಳಿಯದೆ ಪೂರ್ತಿ ಬರುತ್ತೆ. ಮಳೆಗಾಲದಲ್ಲಿ ಮಂಕಾಗೋದೇ ಇಲ್ಲ, ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಬೇಕು. ಮೊದಲ ಏಟಿಗೆ ಅಂಕಿ ಬೂದು, ಎರಡನೆಯದಕ್ಕೆ ಬಿಳಿ. ಎರಡೂ ಏಟು ಒಂದೇ ಜಾಗಕ್ಕೆ ಬೀಳೋಕೆ ನನ್ನದೊಂದು ಕಿತಾಪತಿ ಇದೆ, ಅದೂ ಇಲ್ಲಿ ಬೇಡ. ಆಮೇಲೆ ಕ್ಯಾಮೆರಾಗೆ ಫಂಗಸ್ ಬರದಿರಲು ಬಲ್ಬ್ ಹಾಕಿಟ್ಟ ಪೆಟ್ಟಿಗೆಯಲ್ಲಿ ನಾಲ್ಕೈದು ದಿನ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ. ಆಲ್ಕಲೈನ್ ಸೆಲ್ ಸೋರಿದ ಸ್ಪ್ರಿಂಗಿಗೆ ವಿನೆಗರ್ ಹಚ್ಚುತ್ತೇವಲ್ಲ, ನಾನು ಪಂದಿಕರಿಗೆ (ಹಂದಿ ಸಾರಿಗೆ) ಇಟ್ಟಿದ್ದ ಕಾಚಂಪುಳಿ, ಅಂದ್ರೆ ಕೊಡಗಿನ ಕಪ್ಪು ಹುಳಿ, ಹಚ್ಚಿದೆ. ಕಿಲುಬು ಹೋಯ್ತು, ಆದರೆ ಕಪ್ಪು ಅಂಟು ತೊಳೆಯೋಕೆ ಅರ್ಧ ದಿನ.

ಒಟ್ಟು ಖರ್ಚು ಎರಡೂವರೆ ಸಾವಿರದ ಆಸುಪಾಸು, ಸಿಲಿಕೋನಿಗೇ ಜಾಸ್ತಿ. ಆ ದುಡ್ಡಿಗೆ ಹೊಸ ಕ್ಯಾಲ್ಕ್ಯುಲೇಟರ್ ಎಷ್ಟು ಬರ್ತಿತ್ತು ಅಂತ ಮಾವ ಲೆಕ್ಕ ಹಾಕಿದ್ದೂ ಅದೇ ಮೆಷಿನ್‌ನಲ್ಲಿ. ಇನ್ನು ಕೆಂಪು ಅಕ್ಷರದ ಸಿ ಕೀ ಬಾಕಿ ಇದೆ. ಒಂದು ಅಕ್ಷರಕ್ಕೆ ಕೆಂಪು ಇಂಕಿನ ಇಡೀ ಡಬ್ಬಿ ಕೊಳ್ಳೋಕೆ ಮನಸ್ಸಿಲ್ಲ. ಯಾರ ಹತ್ತಿರವಾದರೂ ಒಂದು ಚಮಚ ಉಳಿದಿದ್ದರೆ ಹೇಳಿ.