ಅಧಿಸೂಚನೆಯ ಯಾವ ಸಾಲು ಬದಲಾಗಬೇಕು? ನರ್ಸ್‌ಗಳ ಸಂಘದ ಪರವಾಗಿ ಕಾರ್ಮಿಕ ಕಾನೂನಿನ ಬೆನ್ನು ಹತ್ತಿದ ನನ್ನ ಅನುಭವ

ಖಾಸಗಿ ಆಸ್ಪತ್ರೆಯ ವಾರ್ಡುಗಳಲ್ಲಿ ಹಲವು ವರ್ಷ ದುಡಿದ ಮೇಲೆ ನಮ್ಮ ನರ್ಸ್‌ಗಳ ಸಂಘದಲ್ಲಿ ಕಾರ್ಮಿಕ ಕಾನೂನಿನ ಹೊಣೆ ನನ್ನ ಪಾಲಿಗೆ ಬಂತು. ನಾನು ಮೊದಲು ಹುಡುಕಿದ್ದು ಒಂದೇ ಸಂಗತಿ: ನಮ್ಮ ಪಾಳಿ ಎಷ್ಟು ಗಂಟೆಯದಾಗಿರಬೇಕು ಎಂದು ಯಾವ ಕಾನೂನು ಹೇಳುತ್ತದೆ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಎಂದೇ ಸದಸ್ಯರಲ್ಲಿ ಬಹುತೇಕರ ನಂಬಿಕೆ. ಆದರೆ ರೋಗಿಗಳ ಚಿಕಿತ್ಸೆ, ಆರೈಕೆಗೆಂದು ಇರುವ ಸಂಸ್ಥೆಗಳಿಗೆ ಆ ಕಾಯ್ದೆಯ ಸೆಕ್ಷನ್ 3 ವಿನಾಯಿತಿ ಕೊಟ್ಟಿದೆ. ಬಟ್ಟೆ ಅಂಗಡಿಯ ಸಹಾಯಕಿಗೆ ಇರುವ ರಕ್ಷಣೆ ತುರ್ತು ನಿಗಾ ಘಟಕದ ನರ್ಸ್‌ಗೆ ಇಲ್ಲ ಎಂದು ತಿಳಿದಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ದಾರಿ ಕಂಡದ್ದು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ. ಕರ್ನಾಟಕದ ಅನುಸೂಚಿತ ಉದ್ಯೋಗಗಳ ಪಟ್ಟಿಯಲ್ಲಿ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳೂ ಇದ್ದವು. ಪಟ್ಟಿಯಲ್ಲಿರುವ ಉದ್ಯೋಗಕ್ಕೆ ವೇತನ ಮಾತ್ರವಲ್ಲ, ಕೆಲಸದ ಅವಧಿ, ವಾರದ ರಜೆ, ಹೆಚ್ಚುವರಿ ಅವಧಿಯ ಸಂಬಳವೂ ಆ ಕಾಯ್ದೆಯಡಿಯೇ ನಿಗದಿಯಾಗುತ್ತಿತ್ತು. ವೇತನ ಪರಿಷ್ಕರಣೆಗೆ ಸರ್ಕಾರ ರಾಜ್ಯಪತ್ರದಲ್ಲಿ ಕರಡು ಅಧಿಸೂಚನೆ ಪ್ರಕಟಿಸಿದರೆ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡಲೇಬೇಕು. ನಮ್ಮಂಥ ಸಂಘಗಳಿಗೆ ಕಾನೂನೇ ತೆರೆದಿಟ್ಟ ಬಾಗಿಲು ಅದು. ನಾವು ಸೊಸೈಟಿ ಕಾಯ್ದೆಯಡಿ ನೋಂದಾಯಿತರು, ಕಾರ್ಮಿಕ ಸಂಘವಲ್ಲ; ಕಾರ್ಮಿಕ ಸಂಘದಂತೆ ಮುಷ್ಕರದ ನೋಟಿಸ್ ಕೊಟ್ಟು ಸಂಧಾನಕ್ಕೆ ಕೂರುವ ಬಲ ನಮಗಿರಲಿಲ್ಲ. ಆಕ್ಷೇಪಣೆ ಸಲ್ಲಿಸಲು ಮಾತ್ರ ಯಾರ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ ಸಂಘ ಸಚಿವರಿಗೆ ಹಾರ ಹಾಕಿ, ಹದಿನೈದು ಬೇಡಿಕೆಗಳ ಮನವಿ ಪತ್ರ ಕೊಟ್ಟು, ಫೋಟೊ ತೆಗೆಸಿಕೊಂಡು ಬರುತ್ತಿತ್ತು. ಸಚಿವರು ಅದರ ಮೇಲೆ ‘ಪರಿಶೀಲಿಸಿ’ ಎಂದು ಬರೆದು ಕೆಳಗೆ ಕಳುಹಿಸುತ್ತಿದ್ದರು. ಅದು ಇಳಿದಿಳಿದು ವಿಷಯ ನಿರ್ವಾಹಕರ ಮೇಜು ತಲುಪುವಾಗ ಅದರಲ್ಲಿ ಕಾರ್ಮಿಕ ಇಲಾಖೆಗೆ ಸೇರಿದ ಬೇಡಿಕೆ ಯಾವುದು, ಆರೋಗ್ಯ ಇಲಾಖೆಗೆ ಸೇರಿದ್ದು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಹಿರಿಯ ಅಧಿಕಾರಿಯೊಬ್ಬರು ಸಮಾಧಾನದಿಂದ ಹೇಳಿದ ಮಾತು ನನ್ನ ಕೆಲಸದ ಕ್ರಮವನ್ನೇ ಬದಲಿಸಿತು: “ಸಿಸ್ಟರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ಅಧಿಸೂಚನೆಯ ಯಾವ ಸಾಲಿನಲ್ಲಿ ಯಾವ ಪದ ಬರಬೇಕು, ಅದನ್ನು ಬರೆದುಕೊಡಿ.”

ಅಂದಿನಿಂದ ನಮ್ಮ ಮನವಿಗಳಲ್ಲಿ ಒಂದು ಪತ್ರಕ್ಕೆ ಒಂದೇ ಬೇಡಿಕೆ. ಮೊದಲ ಪುಟದಲ್ಲಿ ಕರಡಿನಲ್ಲಿರುವ ವಾಕ್ಯ, ಅದರ ಕೆಳಗೆ ನಾವು ಕೋರುವ ವಾಕ್ಯ. ಉದಾಹರಣೆಗೆ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾದ ನರ್ಸ್‌ಗಳನ್ನು ವೇತನದ ಅತಿ ಕುಶಲ ವರ್ಗದಲ್ಲಿಯೇ ಹೆಸರಿಸಿ ಸೇರಿಸಬೇಕು ಎಂಬುದು. ಹೆಸರಿಸದಿದ್ದರೆ ಆಡಳಿತ ಮಂಡಳಿಯೇ ವರ್ಗ ತೀರ್ಮಾನಿಸುತ್ತದೆ. ತಪಾಸಣೆಗೆ ಬಂದವರ ಕೈಯಲ್ಲಿ ಅದನ್ನು ಅಲ್ಲಗಳೆಯಲು ಏನೂ ಇರುವುದಿಲ್ಲ. ಕಾರಣ ಎರಡನೆಯ ಪುಟದಲ್ಲಿ. ಉಳಿದದ್ದೆಲ್ಲ ಅನುಬಂಧ.

ಅನುಬಂಧ ಸಿದ್ಧಪಡಿಸುವುದೇ ನಿಜವಾದ ದುಡಿಮೆ. ಸಂಬಳದ ಚೀಟಿ ಕೊಡಿ ಎಂದರೆ ಹುಡುಗಿಯರು ಹೆದರುತ್ತಾರೆ. ಕೆಲವು ಕಡೆ ಅವರ ಮೂಲ ಪ್ರಮಾಣಪತ್ರಗಳು ಆಡಳಿತದ ಕಪಾಟಿನಲ್ಲಿರುತ್ತವೆ. ಬಾಯಿ ಬಿಟ್ಟರೆ ಅವು ಮರಳಿ ಸಿಗುವುದಿಲ್ಲ ಎಂಬ ಭಯ. ಹೆಸರು, ಆಸ್ಪತ್ರೆ, ಉದ್ಯೋಗಿ ಸಂಖ್ಯೆ ಮೂರನ್ನೂ ಅಳಿಸಿ, ಹಾಸಿಗೆಗಳ ಸಂಖ್ಯೆ ಮತ್ತು ಜಿಲ್ಲೆಯನ್ನಷ್ಟೇ ಉಳಿಸುವ ಪದ್ಧತಿ ತಂದೆವು. ಅಳಿಸುವ ಕೆಲಸವನ್ನು ಅವರ ಕಣ್ಣೆದುರೇ ಮಾಡುತ್ತಿದ್ದೆ. ಆಮೇಲೆ ಚೀಟಿಗಳು ಬಂದವು, ಜೊತೆಗೆ ಪಾಳಿಯ ಪಟ್ಟಿಗಳೂ ಬಂದವು. ಪಾಳಿ ಮುಗಿದ ಮೇಲೆ ರೋಗಿಗಳ ವಿವರ ಒಪ್ಪಿಸಲು ಪ್ರತಿದಿನ ಹಿಡಿಯುವ ಹೊತ್ತು ಯಾವ ಲೆಕ್ಕಕ್ಕೂ ಸೇರುತ್ತಿಲ್ಲ ಎಂಬುದು ಆ ಪಟ್ಟಿಗಳಿಂದ ಕಣ್ಣಿಗೆ ಕಟ್ಟಿತು. ಭಾಷಣದಲ್ಲಿ ಎಷ್ಟು ಹೇಳಿದರೂ ತಾಗದ ಮಾತು ಕಾಗದದಲ್ಲಿ ತಾಗುತ್ತದೆ.

ಇನ್ನೊಂದು ಅನುಬಂಧ ದೆಹಲಿಯದು. ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ತಜ್ಞರ ಸಮಿತಿ ರಚಿಸಲು ಸೂಚಿಸಿತು. ಆ ಸಮಿತಿ ಅದೇ ವರ್ಷ ಹೇಳಿದ್ದು ಹೀಗೆ: 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ವೇತನ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ರಿಂದ 100ರವರೆಗೆ ಶೇ 25ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಇದು ಶಿಫಾರಸು, ಕಾನೂನಲ್ಲ. ಇದನ್ನೇ ತೀರ್ಪು ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಆಸ್ಪತ್ರೆಗಳ ಪರ ವಕೀಲರು ಅಲ್ಲಿಯೇ ಹಿಡಿಯುತ್ತಾರೆ. ಶಿಫಾರಸನ್ನು ಶಿಫಾರಸು ಎಂದೇ ಬರೆದು, ಕರಡಿನ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರೆ ಅದರ ತೂಕವೇ ಬೇರೆ.

ಶಾಸಕರ ವಿಷಯದಲ್ಲಿ ನನಗೆ ಹೆಚ್ಚು ನೆರವಾದವರು ವಿಧಾನ ಪರಿಷತ್ತಿನ ಸದಸ್ಯರು. ಅವರಿಗೆ ನಾನು ಬೇಡಿಕೆ ಒಯ್ಯುವುದಿಲ್ಲ, ಪ್ರಶ್ನೆ ಒಯ್ಯುತ್ತೇನೆ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ನನಗೆ ಎರಡನೆಯದೇ ಇಷ್ಟ. ಅಂಕಿಅಂಶ ಕೇಳಿದರೆ ಇಲಾಖೆ ಅದನ್ನು ಒಟ್ಟುಮಾಡಿ ಬರೆದುಕೊಡುತ್ತದೆ, ಮುಂದಿನ ಮನವಿಗೆ ಅದೇ ಆಧಾರ.

2025ರ ನವೆಂಬರ್ 21ರಿಂದ ಹಳೆಯ 29 ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ನಮಗೆ ಲಾಭವೂ ಇದೆ: ಕನಿಷ್ಠ ವೇತನ ಇನ್ನು ಅನುಸೂಚಿತ ಉದ್ಯೋಗಗಳಿಗಷ್ಟೇ ಸೀಮಿತವಲ್ಲ, ನೇಮಕಾತಿ ಪತ್ರ ಕಡ್ಡಾಯ, ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಆದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡು ವ್ಯಾಖ್ಯಾನಗಳು ನನ್ನ ನಿದ್ದೆಗೆಡಿಸಿವೆ. ಮೊದಲನೆಯದು ‘ಉದ್ಯಮ’ದ ವ್ಯಾಖ್ಯಾನ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ‘ಉದ್ಯಮ’ಕ್ಕೆ ಕೊಟ್ಟ ವಿಶಾಲ ಅರ್ಥದಲ್ಲಿ ಆಸ್ಪತ್ರೆಗಳೂ ಒಳಗೆ ಬಂದಿದ್ದವು. ಹೊಸ ಸಂಹಿತೆಯಾದರೋ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ದಾನಧರ್ಮ, ಸಮಾಜಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಹೊರಗಿಡುತ್ತದೆ. ನಮ್ಮಲ್ಲಿ ಟ್ರಸ್ಟ್ ನಡೆಸುವ ಆಸ್ಪತ್ರೆಗಳು ಎಷ್ಟಿವೆ ಎಂದು ಯಾವುದೇ ಜಿಲ್ಲಾ ಕೇಂದ್ರದಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ರೋಗಿಯಿಂದ ಪೂರ್ತಿ ಶುಲ್ಕ ಪಡೆಯುವ ಆಸ್ಪತ್ರೆ ನರ್ಸ್‌ನ ಹಕ್ಕಿನ ಪ್ರಶ್ನೆ ಬಂದಾಗ ಮಾತ್ರ ಧರ್ಮಸಂಸ್ಥೆ ಆಗಬಾರದು. ನಾವು ಈಗ ಅಂಥ ಆಸ್ಪತ್ರೆಗಳ ಶುಲ್ಕದ ಪಟ್ಟಿಗಳನ್ನು ಕೂಡಿಸಿಡುತ್ತಿದ್ದೇವೆ.

ಎರಡನೆಯದು ‘ಕಾರ್ಮಿಕ’ರ ವ್ಯಾಖ್ಯಾನ. ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಆ ಸಂಹಿತೆಯ ‘ಕಾರ್ಮಿಕ’ರಲ್ಲ. ವಾರ್ಡಿನ ಉಸ್ತುವಾರಿ ನರ್ಸ್ ಹಾಸಿಗೆಯ ಪಕ್ಕದ ಆರೈಕೆಯನ್ನೂ ಮಾಡುತ್ತಾಳೆ, ಪಾಳಿಯ ಪಟ್ಟಿಯನ್ನೂ ಬರೆಯುತ್ತಾಳೆ. ಆ ಪಟ್ಟಿ ಬರೆದ ಕಾರಣಕ್ಕೇ ಅವಳನ್ನು ಮೇಲ್ವಿಚಾರಕಿ ಎಂದು ಕರೆದು ಕೆಲಸದಿಂದ ತೆಗೆದರೆ ಅವಳು ಯಾವ ಬಾಗಿಲು ತಟ್ಟಬೇಕು? ಈ ಮಿತಿಯನ್ನು ಏರಿಸಲು ಸಂಸತ್ತಿನಲ್ಲಿ ತಿದ್ದುಪಡಿ ಬೇಕಿಲ್ಲ, ಕೇಂದ್ರ ಸರ್ಕಾರದ ಅಧಿಸೂಚನೆ ಸಾಕು ಎಂದು ಸಂಹಿತೆಯೇ ಹೇಳುತ್ತದೆ. ಹಾಗಾಗಿ ನಮ್ಮ ಮುಂದಿನ ಮನವಿ ದೆಹಲಿಯ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ಹೋಗುತ್ತದೆ. ಅದರಲ್ಲಿರುವುದು ಆ ಒಂದು ಅಂಕಿಯ ಬೇಡಿಕೆ ಮಾತ್ರ. ತಾಲ್ಲೂಕು ಮಟ್ಟದ ಆಸ್ಪತ್ರೆಗಳ ಉಸ್ತುವಾರಿ ನರ್ಸ್‌ಗಳು ಒಂದು ವಾರ ಗಂಟೆಗಂಟೆಗೂ ಏನು ಮಾಡುತ್ತಾರೆ ಎಂಬುದನ್ನು ಅವರಿಂದಲೇ ಬರೆಸಿ ಅನುಬಂಧವಾಗಿ ಸೇರಿಸುತ್ತಿದ್ದೇವೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಹಾಳೆಗಳು ಇನ್ನೂ ಬರಬೇಕಿವೆ.