ಎದೆಯುರಿಯ ಹಳೇ ಮಾತ್ರೆ ಬೇರೆ ಕಾಯಿಲೆಗೂ ಆಗುತ್ತದಾ? ನುಂಗುವ ಮುಂಚೆ ಇಷ್ಟು ಮಾಡಿ

"ಸಿಮೆಟಿಡಿನ್ ತಗೊಂಡ್ರೆ ನರಹುಲಿ ಉದುರಿ ಹೋಗುತ್ತಂತೆ, ಹೌದಾ?" ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ನನ್ನ ಸೋದರತ್ತೆ. ಅವರ ಮೊಮ್ಮಗನ ಬೆರಳುಗಳ ಮೇಲೆ ಆರೇಳು ನರಹುಲಿ ಎದ್ದಿದ್ದವು. ಮಾತ್ರೆಯೂ ಮನೆಯಲ್ಲೇ ಇತ್ತು. ಯಾವಾಗಲೋ ಅವರ ಎದೆಯುರಿಗೆಂದು ಡಾಕ್ಟರ್ ಬರೆದುಕೊಟ್ಟದ್ದು. "ಅರ್ಧ ಮುರಿದು ಕೊಡ್ಲಾ, ಹೇಳು" ಎಂದರು. "ಬೇಡ ಅತ್ತೆ, ಈಗಲೇ ಕೊಡಬೇಡಿ" ಎಂದೆ.

ಬೇಡ ಎಂದೆನಾದರೂ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಈ ಮಾತ್ರೆಯನ್ನು ನರಹುಲಿಗೆ, ಪಿತ್ತದ ಗಂಧೆಗೆ, ಮೂತ್ರಕೋಶದ ನೋವಿಗೆ, ದೊಡ್ಡ ಕರುಳಿನ ಕ್ಯಾನ್ಸರಿಗೂ ಕೊಟ್ಟು ನೋಡಿದ್ದಾರೆ. ಕೆಲವು ಕಡೆ ಆಸೆ ಹುಟ್ಟಿಸುವ ಫಲ ಬಂದಿದೆ. ಕೆಲವು ಕಡೆ ಏನೂ ಆಗಿಲ್ಲ. ಕೇಳಿದ ಮಾತು ಇವೆರಡರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಹೇಗೆ ನೋಡುವುದು, ಡಾಕ್ಟರ ಹತ್ತಿರ ಏನು ಕೇಳುವುದು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಹೆಜ್ಜೆ 1: ಕೈಯಲ್ಲಿರುವುದು ಯಾವ ಮಾತ್ರೆ, ನೋಡಿಕೊಳ್ಳಿ

"ಗ್ಯಾಸಿನ ಮಾತ್ರೆ" ಎಂದು ನಾವು ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ. ಇಲ್ಲಿ ಅದು ಸಾಲದು. ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಬೇರೆಯದೇ ಗುಂಪು. ಈ ಲೇಖನ ಅವುಗಳ ಬಗ್ಗೆ ಅಲ್ಲ. ಸಿಮೆಟಿಡಿನ್, ರ‍್ಯಾನಿಟಿಡಿನ್, ಫ್ಯಾಮೊಟಿಡಿನ್ ಒಂದೇ ಗುಂಪಿನವು, ಆದರೂ ಒಂದರ ಬದಲು ಇನ್ನೊಂದು ನಡೆಯುತ್ತದೆ ಎನ್ನುವಂತಿಲ್ಲ. ರ‍್ಯಾನಿಟಿಡಿನ್ ಅನ್ನು ಎನ್‌ಡಿಎಂಎ ಎಂಬ ಕಲ್ಮಶದ ಕಾರಣಕ್ಕೆ 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ತೆಗೆಸಿದರು.

ಬೇರೆ ಕಾಯಿಲೆಗಳ ವಿಷಯದಲ್ಲಿ ಹೆಚ್ಚು ಸಲ ಕೇಳಿಬರುವ ಹೆಸರು ಸಿಮೆಟಿಡಿನ್. ಇದರ ಹುಟ್ಟನ್ನು ತಿಳಿದರೆ ಮುಂದಿನದು ಸುಲಭ. ನಮ್ಮ ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕವಿದೆ. ಅದು ಕೆಲಸ ಮಾಡಬೇಕಾದರೆ ಜೀವಕೋಶದ ಮೇಲಿರುವ ಬೀಗಕ್ಕೆ ಕೀಲಿಯಂತೆ ಕೂರಬೇಕು. ಸೀನು, ತುರಿಕೆ ತರುವ ಬೀಗ ಎಚ್‌1. ಹಳೆಯ ಅಲರ್ಜಿ ಮಾತ್ರೆಗಳು ಅದನ್ನು ಮುಚ್ಚುತ್ತಿದ್ದವು, ಆದರೆ ಹೊಟ್ಟೆಯ ಆಸಿಡ್ ಮಾತ್ರ ಕಡಿಮೆಯಾಗುತ್ತಿರಲಿಲ್ಲ. ಹಾಗಾದರೆ ಹೊಟ್ಟೆಯಲ್ಲಿ ಬೇರೆ ಬೀಗ ಇರಬೇಕು ಅಲ್ವಾ? ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಮತ್ತು ಅವರ ತಂಡ 1964ರಲ್ಲಿ ಅದನ್ನು ಹುಡುಕಲು ಹೊರಟಿತು. 1972ರಲ್ಲಿ ಎಚ್‌2 ಎಂಬ ಆ ಎರಡನೇ ಬೀಗ ಇದೆಯೆಂದು ತೋರಿಸಿದರು. ನಂತರ ಮಾಡಿದ ಮೆಟಿಯಮೈಡ್ ಎಂಬ ಔಷಧ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಕೆಲವರಲ್ಲಿ ಬಿಳಿ ರಕ್ತಕಣ ಕುಸಿಯಿತು. ಅದನ್ನು ಕೈಬಿಟ್ಟು ಮಾಡಿದ್ದೇ ಸಿಮೆಟಿಡಿನ್. ಟ್ಯಾಗಮೆಟ್ ಎಂಬ ಹೆಸರಿನಲ್ಲಿ 1976ರಲ್ಲಿ ಬ್ರಿಟನ್ನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಹೊಟ್ಟೆ ಹುಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದ ಎಷ್ಟೋ ಜನ ಮಾತ್ರೆಯಲ್ಲೇ ಗುಣವಾದರು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು.

ಎಚ್‌2 ಬೀಗ ಬರೀ ಹೊಟ್ಟೆಯಲ್ಲಿಲ್ಲ. ರೋಗದ ಜತೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ, ರಕ್ತನಾಳಗಳಲ್ಲಿ, ಚರ್ಮದಲ್ಲಿ, ಹೃದಯದಲ್ಲೂ ಇದೆ. ಹಾಗಾಗಿ ಈ ಮಾತ್ರೆ ಬೇರೆ ಕಡೆಯೂ ಏನಾದರೂ ಮಾಡಬಹುದು ಎಂಬ ಯೋಚನೆಗೆ ಅರ್ಥವಿದೆ. ಅದಲ್ಲದೆ ಸಿಮೆಟಿಡಿನ್‌ಗೆ ಇನ್ನೆರಡು ಗುಣಗಳಿವೆ. ಲಿವರಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳನ್ನು ಅದು ತಡೆಯುತ್ತದೆ. ಗಂಡು ಹಾರ್ಮೋನಿನ ಕೆಲಸಕ್ಕೂ ಸ್ವಲ್ಪ ಅಡ್ಡ ಬರುತ್ತದೆ. ಫ್ಯಾಮೊಟಿಡಿನ್‌ನಲ್ಲಿ ಈ ಎರಡು ತೊಂದರೆಗಳು ಇಲ್ಲವೆನ್ನುವಷ್ಟು ಕಡಿಮೆ.

ಹೆಜ್ಜೆ 2: ನಿಮ್ಮ ಕಾಯಿಲೆಗೆ ಆಧಾರ ಎಷ್ಟಿದೆ, ನೋಡಿ

ನರಹುಲಿಯಿಂದಲೇ ಶುರು ಮಾಡೋಣ. ಮೊದಲು ಬಂದ ಅಧ್ಯಯನಗಳಲ್ಲಿ ಮಕ್ಕಳಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 30ರಿಂದ 40 ಮಿಲಿಗ್ರಾಂನಂತೆ ಎರಡು ಮೂರು ತಿಂಗಳು ಕೊಟ್ಟರು. ಬಹಳ ಮಕ್ಕಳಲ್ಲಿ ನರಹುಲಿ ಹೋಯಿತು. ಎಲ್ಲರಿಗೂ ಖುಷಿಯಾಯಿತು. ಆದರೆ ಆ ಅಧ್ಯಯನಗಳಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. 1990ರ ದಶಕದಲ್ಲಿ ಕೆಲವರಿಗೆ ಸಿಮೆಟಿಡಿನ್, ಕೆಲವರಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ ಕೊಟ್ಟು ಹೋಲಿಸಿದರು. ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣ ಸರಳ. ಮಕ್ಕಳ ನರಹುಲಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಆ ಹೊತ್ತಿನಲ್ಲಿ ಏನು ನುಂಗಿಸಿದ್ದರೂ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ. ಹಾಗಾಗಿ ನರಹುಲಿಗೆ ಈ ಮಾತ್ರೆ ಬೇಡ ಎಂಬುದೇ ನನ್ನ ಅಭಿಪ್ರಾಯ. ಸ್ಯಾಲಿಸಿಲಿಕ್ ಆಸಿಡ್ ಲೇಪ ಇದೆ, ಚರ್ಮದ ಡಾಕ್ಟರು ಹೆಪ್ಪುಗಟ್ಟಿಸಿ ತೆಗೆಯುವ ವಿಧಾನ ಇದೆ. ಸುಮ್ನೆ ಕಾಯುವುದೂ ಒಂದು ದಾರಿ.

ದೊಡ್ಡ ಕರುಳಿನ ಕ್ಯಾನ್ಸರಿನ ಕಥೆ ಹೀಗಲ್ಲ. ಜಪಾನಿನಲ್ಲಿ ಆಪರೇಷನ್ ಆದ 64 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಎಲ್ಲರಿಗೂ ಫ್ಲೋರೊಯುರಾಸಿಲ್ ಎಂಬ ಕೀಮೋ ಔಷಧ ಕೊಟ್ಟರು. ಒಂದು ಗುಂಪಿಗೆ ಅದರ ಜತೆ ದಿನಕ್ಕೆ 800 ಮಿಲಿಗ್ರಾಂ ಸಿಮೆಟಿಡಿನ್ ಅನ್ನು ಒಂದು ವರ್ಷ ಕೊಟ್ಟರು. 2002ರಲ್ಲಿ ಫಲಿತಾಂಶ ಬಂತು. ಹತ್ತು ವರ್ಷ ಬದುಕಿದವರು ಸಿಮೆಟಿಡಿನ್ ಗುಂಪಿನಲ್ಲಿ ಶೇ 85ರ ಹತ್ತಿರ, ಇನ್ನೊಂದರಲ್ಲಿ ಶೇ 50ರ ಹತ್ತಿರ. ಕ್ಯಾನ್ಸರ್ ಕೋಶಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು ಬೇರೆ ಅಂಗಕ್ಕೆ ಹರಡುತ್ತವೆ. ಆ ಅಂಟುವಿಕೆಗೆ ಬೇಕಾದ ಇ-ಸೆಲೆಕ್ಟಿನ್ ಎಂಬ ಪ್ರೋಟೀನನ್ನು ಸಿಮೆಟಿಡಿನ್ ತಗ್ಗಿಸುತ್ತದೆ ಎಂಬುದು ಸಂಶೋಧಕರ ವಿವರಣೆ. 2012ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಮರ್ಶೆಯಲ್ಲೂ ಸಿಮೆಟಿಡಿನ್ ಪರವಾಗಿಯೇ ಫಲ ಬಂತು.

ಓದಿದರೆ ಎದೆ ಹಿಗ್ಗುತ್ತದೆ. ನನಗೂ ಹಾಗೇ ಆಗಿತ್ತು. ಆದರೆ 64 ಜನ ತುಂಬಾ ಸಣ್ಣ ಸಂಖ್ಯೆ. ಒಟ್ಟು ಮಾಡಿದ ಅಧ್ಯಯನಗಳೂ ಸಣ್ಣವು, ಹಳೆಯವು, ಈಗಿನ ಕೀಮೋಥೆರಪಿಗಿಂತ ಮುಂಚಿನವು. ಹೊಟ್ಟೆಯ ಕ್ಯಾನ್ಸರಿನಲ್ಲಿ ಏನಾಯಿತು ಎಂಬುದನ್ನೂ ನೆನಪಿಡಬೇಕು. 1988ರಲ್ಲಿ ಡೆನ್ಮಾರ್ಕಿನ ಅಧ್ಯಯನದಲ್ಲಿ ಸಿಮೆಟಿಡಿನ್ ತೆಗೆದುಕೊಂಡವರು ಹೆಚ್ಚು ದಿನ ಬದುಕಿದ್ದರು. ಮುಂದೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಆ ಲಾಭ ಖಚಿತವಾಗಲಿಲ್ಲ.

ಹಾಗಾಗಿ ಮನೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿ ಇದ್ದರೆ ಈ ವಿಷಯವನ್ನು ಕ್ಯಾನ್ಸರ್ ಡಾಕ್ಟರ ಮುಂದೆ ಧೈರ್ಯವಾಗಿ ಇಡಿ. ಅವರಿಗೆ ಹೇಳದೆ ಮಾತ್ರ ಶುರು ಮಾಡಬೇಡಿ. ಫ್ಲೋರೊಯುರಾಸಿಲ್ ಇರಲಿ, ಎಪಿರುಬಿಸಿನ್ ಇರಲಿ, ಸಿಮೆಟಿಡಿನ್ ಜತೆಗಿದ್ದರೆ ರಕ್ತದಲ್ಲಿ ಅವುಗಳ ಮಟ್ಟ ಏರುತ್ತದೆ. ಕೀಮೋ ಔಷಧ ಜಾಸ್ತಿಯಾದರೆ ಏನಾಗುತ್ತದೆ ಎಂದು ಕೀಮೋ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಆಪರೇಷನ್, ಕೀಮೋ ಬಿಟ್ಟು ಇದನ್ನೇ ನಂಬಿ ಕೂರುವುದಂತೂ ಬೇಡವೇ ಬೇಡ.

ಪಿತ್ತದ ಗಂಧೆಗೆ ಮೊದಲು ಕೊಡುವುದು ಎಚ್‌1 ಅಲರ್ಜಿ ಮಾತ್ರೆ. ಅದು ಸಾಲದಾದಾಗ ಎಚ್‌2 ಮಾತ್ರೆಯನ್ನೂ ಸೇರಿಸುವ ರೂಢಿ ಇದೆ. ಆಧಾರ ಮಾತ್ರ ತೆಳು. ಸೇರಿಸುವುದಾದರೂ ಫ್ಯಾಮೊಟಿಡಿನ್ ಆಗಬಹುದಾ ಎಂದು ಕೇಳಿ. ಮಾಸ್ಟೊಸೈಟೋಸಿಸ್ ಎಂಬ ಅಪರೂಪದ ಕಾಯಿಲೆಯಲ್ಲಿ ಹಿಸ್ಟಮಿನ್ ಉಕ್ಕಿ ಹೊಟ್ಟೆಯ ಆಸಿಡ್ ಕೂಡ ಏರುತ್ತದೆ. ಅಲ್ಲಿ ಈ ಗುಂಪಿನ ಮಾತ್ರೆಗಳಿಗೆ ಗಟ್ಟಿ ಸ್ಥಾನವಿದೆ. ಆದರೆ ಅಲರ್ಜಿಯಿಂದ ಉಸಿರು ಕಟ್ಟುತ್ತಿದ್ದರೆ, ತುಟಿ ನಾಲಿಗೆ ಊದುತ್ತಿದ್ದರೆ ಮಾತ್ರೆ ಹುಡುಕುತ್ತಾ ನಿಲ್ಲಬೇಡಿ. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಅದೂ ತಕ್ಷಣ.

ಸೋಂಕಿಲ್ಲದೆಯೂ ಮೂತ್ರಕೋಶ ನೋಯುವ ಒಂದು ಕಾಯಿಲೆ ಇದೆ. ರಾತ್ರಿಯೆಲ್ಲ ಎದ್ದೆದ್ದು ಹೋಗಬೇಕಾಗುತ್ತದೆ. ಅನುಭವಿಸಿದವರಿಗೇ ಗೊತ್ತು ಅದರ ಕಷ್ಟ. 2001ರಲ್ಲಿ 36 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 400 ಮಿಲಿಗ್ರಾಂ ಸಿಮೆಟಿಡಿನ್ ದಿನಕ್ಕೆರಡು ಸಲ ಮೂರು ತಿಂಗಳು ಕೊಟ್ಟು ಹೋಲಿಸಿದರು. ಔಷಧ ಪಡೆದವರಲ್ಲಿ ನೋವು, ರಾತ್ರಿ ಏಳುವುದು ಕಡಿಮೆಯಾಯಿತು. ಸಣ್ಣ ಅಧ್ಯಯನವೇ. ಆದರೂ ಬೇರೆ ಚಿಕಿತ್ಸೆಗಳು ಕೈಕೊಟ್ಟವರು ಮೂತ್ರರೋಗ ತಜ್ಞರನ್ನು ಕೇಳಿ ನೋಡಬಹುದು. ಭುಜದ ಕೀಲಿನ ಬಳಿ ಸುಣ್ಣದಂಶ ಕಟ್ಟಿಕೊಂಡು ನೋಯುವವರಿಗೂ ಜಪಾನಿನಲ್ಲಿ ಕೊಟ್ಟು ನೋಡಿದ್ದಾರೆ. 16 ಜನರಲ್ಲಿ 10 ಜನರ ನೋವು ಹೋಯಿತು, ಆದರೆ ಅಲ್ಲೂ ಹೋಲಿಸುವ ಗುಂಪು ಇರಲಿಲ್ಲ. ನರಹುಲಿಯಲ್ಲಿ ಆದದ್ದು ಇಲ್ಲಿಯೂ ಆಗಿರಬಹುದು. ಕೋವಿಡ್ ಶುರುವಾದಾಗ ಫ್ಯಾಮೊಟಿಡಿನ್ ಬಗ್ಗೆ ದೊಡ್ಡ ಸದ್ದಾಗಿತ್ತು. ಆಮೇಲಿನ ಅಧ್ಯಯನಗಳಿಂದ ಅದಕ್ಕೆ ಗಟ್ಟಿ ಬೆಂಬಲ ಸಿಗಲಿಲ್ಲ.

ನನಗೆ ಬಹಳ ಹಿಡಿಸಿದ್ದು ಡ್ಯಾಪ್ಸೋನ್ ಉದಾಹರಣೆ. ಕುಷ್ಠರೋಗಕ್ಕೆ, ಕೆಲವು ಚರ್ಮರೋಗಗಳಿಗೆ ಕೊಡುವ ಔಷಧ ಇದು. ಲಿವರ್ ಇದನ್ನು ಬದಲಾಯಿಸುವಾಗ ಹುಟ್ಟುವ ಒಂದು ವಸ್ತು ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಸಿಮೆಟಿಡಿನ್ ಆ ಬದಲಾವಣೆಯನ್ನೇ ತಡೆಯುವುದರಿಂದ ಹಾನಿ ತಗ್ಗುತ್ತದೆ. ಬೇರೆಡೆ ಕಾಟ ಕೊಡುವ ಗುಣವೇ ಇಲ್ಲಿ ರೋಗಿಯನ್ನು ಕಾಯುತ್ತದೆ.

ಹೆಜ್ಜೆ 3: ನೀವು ತೆಗೆದುಕೊಳ್ಳುವ ಔಷಧಗಳನ್ನೆಲ್ಲ ಬರೆದಿಡಿ

ಒಂದು ಹೆಜ್ಜೆಯನ್ನೂ ಬಿಡಬಾರದು, ಇದನ್ನಂತೂ ಖಂಡಿತ ಬಿಡಬೇಡಿ. ಲಿವರಿನ ಕಿಣ್ವಗಳನ್ನು ಸಿಮೆಟಿಡಿನ್ ತಡೆಯುತ್ತದೆ ಎಂದೆನಲ್ಲ, ಅದರ ಪರಿಣಾಮ ಏನು ಗೊತ್ತಾ? ನೀವು ವರ್ಷಗಳಿಂದ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿರುವ ಔಷಧ ದೇಹದಿಂದ ಹೊರಗೆ ಹೋಗದೆ ಉಳಿಯುತ್ತದೆ. ಮಾತ್ರೆ ಒಂದೇ ನುಂಗಿದರೂ ಒಂದೂವರೆ, ಎರಡು ನುಂಗಿದ ಹಾಗೆ ಆಗಬಹುದು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಏರಿದರೆ ರಕ್ತಸ್ರಾವ ಆಗಬಹುದು. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಏರಿದರೆ ತಲೆ ತಿರುಗಿ ನಡಿಗೆ ತಪ್ಪುತ್ತದೆ. ಉಬ್ಬಸದ ಥಿಯೋಫಿಲಿನ್ ಏರಿದರೆ ವಾಂತಿ, ಎದೆಬಡಿತದಿಂದ ಹಿಡಿದು ಫಿಟ್ಸ್‌ವರೆಗೂ ಹೋಗಬಹುದು. ಬಿಪಿಗೆ ಕೊಡುವ ಪ್ರೊಪ್ರನೊಲೊಲ್, ನಿದ್ದೆ ಬರಿಸುವ ಡಯಜೆಪಾಮ್, ಖಿನ್ನತೆಯ ಕೆಲವು ಹಳೆಯ ಮಾತ್ರೆಗಳು ಕೂಡ ಈ ಪಟ್ಟಿಯಲ್ಲಿವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕಿಡ್ನಿಯ ಮೂಲಕ ಹೊರಗೆ ಹೋಗುವುದನ್ನೂ ಸಿಮೆಟಿಡಿನ್ ನಿಧಾನ ಮಾಡುತ್ತದೆ. ಹೃದಯದ ಲಯ ಸರಿಮಾಡುವ ಡೊಫೆಟಿಲೈಡ್ ಜತೆಗಂತೂ ಕೊಡಲೇಬಾರದು. ಫಂಗಸ್ ಸೋಂಕಿಗೆ ಕೊಡುವ ಕೀಟೊಕೊನಜೋಲ್‌ನದು ಉಲ್ಟಾ ತೊಂದರೆ. ಹೊಟ್ಟೆಯಲ್ಲಿ ಆಸಿಡ್ ಇಲ್ಲದಿದ್ದರೆ ಅದು ಮೈಗೆ ಹತ್ತುವುದೇ ಇಲ್ಲ.

ಅಂಗಡಿಯಿಂದ ನೇರವಾಗಿ ತಂದ ಮಾತ್ರೆ, ಗಿಡಮೂಲಿಕೆ, ವಿಟಮಿನ್ ಎಲ್ಲವನ್ನೂ ಬರೆಯಿರಿ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದೂ ಇರಲಿ. ಬರೆಯಲು ಬೇಸರವಾದರೆ ಎಲ್ಲ ಮಾತ್ರೆ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ.

ಹೆಜ್ಜೆ 4: ಡಾಕ್ಟರ ಮುಂದೆ ಬಿಚ್ಚಿ ಮಾತಾಡಿ

ಒಂದು ಕಾಯಿಲೆಗೆ ಒಪ್ಪಿಗೆ ಪಡೆದ ಔಷಧವನ್ನು ಇನ್ನೊಂದಕ್ಕೆ ಡಾಕ್ಟರ್ ಬರೆಯುವುದು ಹೊಸದೇನಲ್ಲ. ನೋವಿಗೆ ಬಂದ ಆಸ್ಪಿರಿನ್ ಈಗ ಹೃದಯಾಘಾತದವರಿಗೂ ಬೇಕು. ಹಾಗಾಗಿ ಸಂಕೋಚ ಬೇಡ. "ಎಲ್ಲೋ ಓದಿದೆ" ಎಂದು ನಿಲ್ಲಿಸಬೇಡಿ. ಯಾವ ಕಾಯಿಲೆಗೆ, ಎಷ್ಟು ಪ್ರಮಾಣ, ಎಷ್ಟು ದಿನ ಎಂದು ಓದಿದ್ದೀರೋ ಅಷ್ಟನ್ನೂ ಹೇಳಿ. ಆಮೇಲೆ ಕೇಳಿ: ಇದಕ್ಕಿಂತ ಗಟ್ಟಿ ಆಧಾರವಿರುವ ಚಿಕಿತ್ಸೆಯನ್ನು ನಾನು ಬಿಟ್ಟುಬಿಡುತ್ತಿದ್ದೇನಾ? ನನ್ನ ಕಿಡ್ನಿಗೆ ಎಷ್ಟು ಪ್ರಮಾಣ ಸರಿ? ಫಲ ಬಂತೋ ಇಲ್ಲವೋ ಯಾವಾಗ ಗೊತ್ತಾಗುತ್ತದೆ?

ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಮೊದಲೇ ಹೇಳಬೇಕು. ಈ ಔಷಧ ಎದೆಹಾಲಿಗೆ ಸೇರುತ್ತದೆ.

ಹೆಜ್ಜೆ 5: ಶುರುವಾದ ಮೇಲೆ ಗಮನವಿಡಿ

ಹೊಟ್ಟೆಯ ಆಸಿಡ್ ಅನ್ನು ಆ ಕ್ಷಣಕ್ಕೆ ತಣಿಸುವ ಆಂಟಾಸಿಡ್ ಜತೆಯಲ್ಲೇ ಇದನ್ನು ನುಂಗಬೇಡಿ. ಎರಡರ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ತಲೆನೋವು, ಭೇದಿ, ತಲೆಸುತ್ತು ಕೆಲವರಿಗೆ ಬರುತ್ತವೆ, ಸಾಮಾನ್ಯವಾಗಿ ಹಗುರ. ವಯಸ್ಸಾದವರು, ಕಿಡ್ನಿ ಅಥವಾ ಲಿವರ್ ಸೋತವರು ಇದ್ದಕ್ಕಿದ್ದಂತೆ ಗೊಂದಲದ ಮಾತಾಡಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಮಾತ್ರೆಯಿಂದಲೂ ಹಾಗಾಗುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ. ಗಂಡಸರಲ್ಲಿ ಜಾಸ್ತಿ ಪ್ರಮಾಣ, ಜಾಸ್ತಿ ದಿನ ಆದರೆ ಎದೆ ಊದುವುದು, ಲೈಂಗಿಕ ಶಕ್ತಿ ಕುಗ್ಗುವುದು ಉಂಟು. ನಾಚಿಕೆಪಟ್ಟು ಮುಚ್ಚಿಡಬೇಡಿ.

ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿಯಾಗಬೇಡಿ. ಕಿಡ್ನಿಗೆ ಪೆಟ್ಟಾಗದೆಯೂ ಸಿಮೆಟಿಡಿನ್ ಆ ಅಂಕಿಯನ್ನು ಏರಿಸುತ್ತದೆ. ಪರೀಕ್ಷೆ ನೋಡುವವರಿಗೆ ಈ ಮಾತ್ರೆಯ ಹೆಸರು ಹೇಳಿ. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆಯಾಗಬಹುದು, ಅದನ್ನೂ ನೋಡಿಸಿ. ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಕಾಯಬೇಡಿ. ಹೊಟ್ಟೆಯ ಕ್ಯಾನ್ಸರಿನ ಉರಿಯನ್ನೂ ಈ ಮಾತ್ರೆ ತಣಿಸಿ ಮರೆಮಾಡಬಲ್ಲದು.

ಡಾಕ್ಟರ್ ಹೇಳಿದ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನ ನೋವೋ ತುರಿಕೆಯೋ ಮೊದಲಿನಷ್ಟೇ ಇದ್ದರೆ ಅವರನ್ನು ಕೇಳಿ ನಿಲ್ಲಿಸಿ. ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಬೇಡಿ. ಅತ್ತೆಯ ಡಬ್ಬಿಯಲ್ಲಿದ್ದ ಆ ಸಿಮೆಟಿಡಿನ್ ಪಟ್ಟಿಯನ್ನು ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಅವಧಿ ಮುಗಿದು ಎರಡು ವರ್ಷವಾಗಿತ್ತು. ಅತ್ತೆ ಆಗಾಗ ಡಯಜೆಪಾಮ್ ನುಂಗುತ್ತಾರೆ ಎಂಬುದೂ ಅವತ್ತೇ ಗೊತ್ತಾಯಿತು. ಅದರ ಪಟ್ಟಿಯೂ ಅದೇ ಡಬ್ಬಿಯಲ್ಲಿತ್ತು.