ಗಾಲ್ವೆಸ್ಟನ್‌ನಲ್ಲಿ ರೆಡ್‌ಫಿಶ್: ಗೈಡ್ ಜೊತೆ ಗಾಳ ಹಾಕುವುದು ಹೇಗೆ?

ಆಗಸ್ಟ್ ಮುಗಿಯುತ್ತಾ ಬಂದರೂ ಟೆಕ್ಸಸ್‌ನಲ್ಲಿ ಸೆಕೆ ಇಳಿಯುವುದಿಲ್ಲ. ಆದರೆ ರೆಡ್‌ಫಿಶ್ ಅನ್ನುವ ಸಮುದ್ರ ಮೀನು ಹಿಡಿಯುವವರಿಗೆ ಇದೇ ಸುಗ್ಗಿ. ದೊಡ್ಡ ಮೀನುಗಳು ಮೊಟ್ಟೆ ಇಡಲು ಅಳಿವೆ ಬಾಗಿಲಿಗೆ ಬರುವುದು ಈಗಲೇ. ಹ್ಯೂಸ್ಟನ್‌ನಿಂದ ಕಡಲ ತೀರದ ಗಾಲ್ವೆಸ್ಟನ್‌ಗೆ ಸುಮಾರು 80 ಕಿ.ಮೀ. ಕುಂದಾಪುರದ ಕಡೆ ಗಾಳ ಹಾಕಿ ಬೆಳೆದ ಅಪ್ಪ ಮಗನ ಮನೆಗೆ ಬಂದಿದ್ದಾರೆ ಅಂದರೆ ಮಾಲ್ ಸುತ್ತಿಸುವ ಬದಲು ಇಲ್ಲಿಗೆ ಕರೆತನ್ನಿ.

ಮೊದಲು ಲೈಸೆನ್ಸ್

ದೋಣಿಯಲ್ಲಿ ಕರೆದೊಯ್ದು ಮೀನು ಹಿಡಿಸುವ ಗೈಡ್ ಇದ್ದಾರಲ್ಲ, ನಮಗೆ ಯಾಕೆ ಲೈಸೆನ್ಸ್ ಅನ್ನಬೇಡಿ. ಟೆಕ್ಸಸ್‌ನಲ್ಲಿ 17 ವರ್ಷ ತುಂಬಿದವರು ತಮ್ಮದೇ ಲೈಸೆನ್ಸ್ ಮಾಡಿಸಬೇಕು. ಅದು ಸಮುದ್ರಕ್ಕೂ ನಡೆಯುವಂಥದ್ದಾಗಿರಬೇಕು. ಕೆರೆ-ನದಿಯದ್ದು ಇಲ್ಲಿ ನಡೆಯುವುದಿಲ್ಲ. ಸಾಮಾನ್ಯ ವಾರ್ಷಿಕ ಲೈಸೆನ್ಸ್ ಯಾವಾಗ ತೆಗೆದಿದ್ದರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ ಮೊದಲ ವಾರ ಹೊರಡುವವರು ಎಡವುವುದು ಇಲ್ಲೇ. ಊರಿಂದ ಬಂದವರಿಗೆ ಒಂದು ದಿನದ ಲೈಸೆನ್ಸ್ ಸಾಕು.

ಗೈಡ್‌ಗೆ ಏನು ಕೇಳಬೇಕು?

ಕೋಸ್ಟ್ ಗಾರ್ಡ್ ಪರವಾನಗಿ ಇದೆಯಾ ಅಂತ ಮೊದಲು ಕೇಳಿ. ಆಮೇಲೆ ನಿಮಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿ: ದೊಡ್ಡ ಮೀನಿನ ಜೊತೆ ಜಗ್ಗಾಟವೋ, ಸಾರಿಗೆ ಮೀನೋ? ಎರಡೂ ಬೇರೆ ಬೇರೆ ಕಡೆ. ದೊಡ್ಡವು ಜೆಟ್ಟಿ ಅನ್ನುವ ಉದ್ದನೆಯ ಕಲ್ಲಿನ ಗೋಡೆಗಳ ಹತ್ತಿರ, ಆಳದ ನೀರಲ್ಲಿ. ಸಾರಿನವು ಒಳಗಡೆ, ಹುಲ್ಲು ಮತ್ತು ಸಿಂಪಿ ದಿಬ್ಬಗಳ ಪಕ್ಕದ ತೆಳು ನೀರಲ್ಲಿ. ಇದು ಚಂಡಮಾರುತದ ಕಾಲ. ಟ್ರಿಪ್ ರದ್ದಾದರೆ ಮುಂಗಡ ಏನಾಗುತ್ತದೆ ಅನ್ನುವುದನ್ನೂ ಈಗಲೇ ಮಾತಾಡಿ. ರಾಡ್, ಎರೆ, ಐಸ್ ಸಾಮಾನ್ಯವಾಗಿ ಅವರದ್ದೇ. ಕೊನೆಗೆ ಶೇಕಡಾ 15-20 ಟಿಪ್ ಕೊಡುವುದು ರೂಢಿ.

ಬೆಳಕು ಹರಿಯುವ ಮೊದಲೇ ಹೊರಡಿ. ಹತ್ತು-ಹನ್ನೊಂದರ ಹೊತ್ತಿಗೆ ಬಿಸಿಲು ಮೀನನ್ನೂ ಮನುಷ್ಯರನ್ನೂ ಸುಸ್ತು ಮಾಡುತ್ತದೆ. ಉದ್ದ ತೋಳಿನ ಅಂಗಿ, ಟೋಪಿ, ಪೋಲರೈಸ್ಡ್ ಕನ್ನಡಕ, ಜಾಸ್ತಿ ನೀರು ಇರಲಿ. ಚಿತ್ರಾನ್ನ ಕಟ್ಟಿಕೊಳ್ಳಿ, ಆದರೆ ಬಾಳೆಹಣ್ಣು ಬೇಡ. ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗುವುದಿಲ್ಲ ಅನ್ನುವ ನಂಬಿಕೆ ಇಲ್ಲಿನ ಕ್ಯಾಪ್ಟನ್‌ಗಳಲ್ಲಿ ಗಟ್ಟಿ. ಬೆಳಗ್ಗೆ ಬೆಳಗ್ಗೆ ಅವರ ಮೂಡ್ ಯಾಕೆ ಕೆಡಿಸಬೇಕು ಅಲ್ವಾ?

ಗಾಳ ಕಚ್ಚಿದಾಗ

ಇಲ್ಲಿನ ಉಬ್ಬರ-ಇಳಿತ ತೀರಾ ಸಣ್ಣದು, ಒಂದೆರಡು ಅಡಿ ಅಷ್ಟೇ. ಆದರೂ ಅಳಿವೆಯಲ್ಲಿ ನೀರಿಗೆ ಸೆಳೆತ ಇರುತ್ತದೆ, ಮೀನು ಮೇಯುವುದೂ ನೀರು ಹರಿಯುವಾಗಲೇ. ದೊಡ್ಡ ರೆಡ್‌ಫಿಶ್‌ಗೆ ಮುಲೆಟ್ ಮೀನಿನ ತುಂಡು ಅಥವಾ ಅರ್ಧ ಏಡಿಯನ್ನು ಸರ್ಕಲ್ ಹುಕ್‌ಗೆ ಚುಚ್ಚಿ ತಳಕ್ಕೆ ಬಿಡುತ್ತಾರೆ. ಈ ಕೊಕ್ಕೆಯ ತುದಿ ಒಳಕ್ಕೆ ಬಾಗಿರುತ್ತದೆ. ಹಾಗಾಗಿ ನಮ್ಮ ಕಡೆ ಗಾಳ ಎಳೆಯುವ ಹಾಗೆ ಫಟ್ ಅಂತ ಜಗ್ಗಿದರೆ ಕೊಕ್ಕೆ ಬಾಯಿಂದ ಜಾರಿ ಬರಿಗೈ. ರಾಡ್ ಟಕ್ ಟಕ್ ಅಂದರೂ ಕೈ ಕಟ್ಟಿ ಕೂರಿ. ಪೂರ್ತಿ ಬಗ್ಗಿ, ದಾರ ಓಡತೊಡಗಿದ ಮೇಲೆ ಸುಮ್ನೆ ರೀಲ್ ಸುತ್ತಿ. ಕೊಕ್ಕೆ ತಾನಾಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಮೀನು ಓಡುವಾಗ ಓಡಲು ಬಿಡಿ, ನಿಂತಾಗ ಸುತ್ತಿ. ಪಕ್ಕದ ಕಾಲುವೆಯಲ್ಲಿ ದೊಡ್ಡ ಹಡಗು ಹೋದರೆ ಮಾತ್ರ ಮೀನು ಮರೆತು ದೋಣಿ ಹಿಡಿದುಕೊಳ್ಳಿ. ಅದರ ಅಲೆ ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ.

ಯಾವುದು ಮನೆಗೆ, ಯಾವುದು ನೀರಿಗೆ?

ತಾಮ್ರದ ಬಣ್ಣ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಅದೇ ರೆಡ್‌ಫಿಶ್. ಕೆಲವು ಗಂಡುಗಳು ಕೈಯಲ್ಲಿದ್ದಾಗಲೇ ಡುಂ ಡುಂ ಅನ್ನುತ್ತವೆ. ಗಾಳಿಚೀಲದ ಪಕ್ಕದ ಸ್ನಾಯು ಅದುರಿ ಬರುವ ಸದ್ದು ಅದು. 20ರಿಂದ 28 ಇಂಚಿನವು ದಿನಕ್ಕೆ ಒಬ್ಬರಿಗೆ ಮೂರು. 28 ಇಂಚು ದಾಟಿದ್ದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಜೊತೆಗಿನ ವಿಶೇಷ ಟ್ಯಾಗ್ ಬೇಕು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಟ್ಯಾಗ್ ಇದ್ದರೂ ದೊಡ್ಡದನ್ನು ಬಿಟ್ಟುಬಿಡಿ. ಮಾಂಸ ಒರಟು, ಮೇಲಾಗಿ ಮುಂದಿನ ಮರಿಗಳು ಹುಟ್ಟಬೇಕಾದ್ದು ಅದರಿಂದಲೇ.

ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಜಗ್ಗಾಟ ಉದ್ದ ಮಾಡಬಾರದು. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಗೆ ಆಸರೆ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ದವಡೆಯಿಂದ ನೇತುಹಾಕಬೇಡಿ. ಒಂದು ಫೋಟೋ ಸಾಕು. ನೀರಿಗೆ ಇಳಿಸಿ, ಬಾಲ ಬಡಿಯುವ ತನಕ ಹಿಡಿದುಕೊಂಡಿರಿ.

ಮುಳ್ಳು ಚುಚ್ಚಿದರೆ ಉಡಾಫೆ ಬೇಡ. ಬೆಚ್ಚಗಿನ ಉಪ್ಪುನೀರಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾ ಜಾಸ್ತಿ. ಶುದ್ಧ ನೀರು, ಸೋಪಿನಿಂದ ತಕ್ಷಣ ತೊಳೆಯಿರಿ. ಗಾಯ ಊದಿ ಕೆಂಪಾದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರಿಗೆ ಗಾಯವಿದ್ದರೆ ಈ ನೀರಿನ ಸಹವಾಸವೇ ಬೇಡ.

ದಡಕ್ಕೆ ಬಂದ ಮೇಲೆ ಗೈಡ್ ಮೀನು ಕೊಯ್ದು ಕೊಡುವುದು ವಾಡಿಕೆ. ಎರಡು ಬದಿಯ ಮಾಂಸ ತೆಗೆದು ಉಳಿದದ್ದನ್ನು ಬಿಸಾಡುತ್ತಾರೆ. ಚಾಕು ಹಾಕುವ ಮೊದಲೇ ಹೇಳಿ: ತಲೆ, ಮುಳ್ಳು ಎಲ್ಲಾ ಬೇಕು, ಸಾರಿಗೆ.